ಮೂವತ್ತೊಂದನೆಯ ನಿಮಿಷ

ಬೆಳಗಿನ ಏಳು ಗಂಟೆ ಹತ್ತು ನಿಮಿಷಕ್ಕೆ ಅಪ್ಪ ಕಾಫಿ ಲೋಟವನ್ನು ಕಿಟಕಿ ಕಟ್ಟೆಯ ಮೇಲಿಟ್ಟು ಎದೆ ಹಿಡಿದುಕೊಂಡರು. ಯಾವುದಕ್ಕೂ ಮೊದಲು ಗಡಿಯಾರ ನೋಡುವುದು ನನ್ನ ಕೆಲಸ ಕಲಿಸಿದ ಚಾಳಿ. ಹಾಗಾಗಿ ಸಮಯ ಮರೆತಿಲ್ಲ.

ಕೆಂಗೇರಿಯ ಆಚೆ ಒಂದು ಪ್ರಯೋಗಾಲಯದಲ್ಲಿ ನಾನು ಸಂಶೋಧನಾ ಸಹಾಯಕಿ. ಹಂದಿಯ ಹೃದಯ ಗಾತ್ರದಲ್ಲೂ ರಚನೆಯಲ್ಲೂ ನಮ್ಮದಕ್ಕೆ ಹತ್ತಿರ. ಅರಿವಳಿಕೆ ಕೊಟ್ಟು ಮಲಗಿಸಿದ ಹಂದಿಯ ಹೃದಯದ ರಕ್ತನಾಳದಲ್ಲಿ ಪುಟ್ಟ ಬಲೂನು ಉಬ್ಬಿಸಿ ರಕ್ತ ತಡೆಯುತ್ತೇವೆ. ಹೃದಯಾಘಾತವನ್ನು ನಾವೇ ಮಾಡಿಸಿ, ಬಡಿತ ಯಾವಾಗ, ಹೇಗೆ ತಾಳ ತಪ್ಪುತ್ತದೆಂದು ಕಾಯುತ್ತೇವೆ. ಪೂರ್ತಿ ತಪ್ಪಿದಾಗ ಹೃದಯ ಬಡಿಯುವುದಿಲ್ಲ, ಸುಮ್ಮನೆ ನಡುಗುತ್ತದೆ. ಆಗ ಎದೆ ಒತ್ತಬೇಕು, ಶಾಕ್ ಕೊಡಬೇಕು. ಹಿರಿಯ ಟೆಕ್ನಿಷಿಯನ್ ಒಬ್ಬರು ನಿಮಿಷ ಕೂಗುತ್ತಾರೆ. ನಾನು ಶಾಕ್ ಯಂತ್ರದ ಗುಂಡಿಯ ಮೇಲಿಂದ ಕೈ ತೆಗೆಯುವಂತಿಲ್ಲ. ನಮ್ಮ ಹಂದಿಗಳಲ್ಲಿ ಹೆಚ್ಚಿನವಕ್ಕೆ ಗಂಡಾಂತರ ಬರುವುದು ಮೊದಲ ಅರ್ಧ ಗಂಟೆಯಲ್ಲಿ. ಮೂವತ್ತು ಆಗುತ್ತಲೇ ಅವರು "ದಾಟ್ತು" ಅನ್ನುತ್ತಾರೆ. ಎಲ್ಲರೂ ಬೆನ್ನು ಸಡಿಲಿಸಿ ಸರದಿಯಲ್ಲಿ ಟೀಗೆ ಹೋಗುತ್ತೇವೆ.

ಅಪ್ಪನ ಹಣೆಯ ಬೆವರು ನೋಡಿದ ಕೂಡಲೇ ನನ್ನೊಳಗೆ ಎಣಿಕೆ ಶುರುವಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿ, ಆ ಕಡೆಯವರು ಹೇಳಿದ ಮಾತ್ರೆ ಅಗಿಯಲು ಕೊಟ್ಟೆ.

"ಗ್ಯಾಸು ಕಣೇ. ನಿನ್ನೆ ಅಷ್ಟೊಂದು ಬಜ್ಜಿ ತಿಂದ್ರಲ್ಲ," ಎನ್ನುತ್ತಾ ಅಮ್ಮ ಜೀರಿಗೆ ನೀರು ಕಾಯಿಸಲು ಹೊರಟಳು.

ಕೆಳಗಿನ ಮನೆಯ ಅಂಕಲ್ ಕಾರಿನ ಕೀ ಹಿಡಿದು ಬಂದರು. "ಕುರುಬರಹಳ್ಳಿಯೊಳಗೆ ಆಂಬುಲೆನ್ಸ್ ಯಾವಾಗ ನುಗ್ಗತ್ತಮ್ಮ? ನಡೀರಿ, ಕಾಲು ಗಂಟೇಲಿ ಆಸ್ಪತ್ರೆ."

"ಬೇಡ ಅಂಕಲ್. ದಾರೀಲಿ ಹೃದಯ ನಿಂತ್ರೆ ಕಾರಲ್ಲಿ ಶಾಕ್ ಕೊಡೋಕೆ ಏನಿದೆ?"

"ನಿಮ್ಮಪ್ಪ ಏನು ಹಂದೀನಾ, ನಿನ್ನ ಪ್ರಯೋಗ ಮಾಡೋಕೆ?"

ಆ ನೋವಿನಲ್ಲೂ ಅಪ್ಪ ಬಾಯಿ ಹಾಕಿದರು. "ತೂಕದಲ್ಲೇನೂ ಕಮ್ಮಿ ಇಲ್ಲ ಬಿಡಿ."

ಏಳು ನಲವತ್ತಕ್ಕೆ ನೋವು ಇಳಿದಿತ್ತು. ಆಂಬುಲೆನ್ಸ್ ಡ್ರೈವರ್ ಫೋನ್ ಮಾಡಿ, ನಮ್ಮ ಗಲ್ಲಿಗೆ ಕಸದ ಲಾರಿ ಅಡ್ಡ ನಿಂತಿದೆ ಎಂದರು. "ನಾನೇ ಇಳೀತೀನಿ, ಎರಡು ಮಹಡಿ ತಾನೇ," ಎಂದು ಅಪ್ಪ ಎದ್ದರು. ನಾನು ಗಡಿಯಾರ ನೋಡಿದೆ. ಮೂವತ್ತು. "ದಾಟ್ತು," ಎಂದು ಬಾಯಿಬಿಟ್ಟೇ ಹೇಳಿದೆ. ಬಾಗಿಲಿಗೆ ಅಡ್ಡ ನಿಂತಿದ್ದವಳು ಪಕ್ಕಕ್ಕೆ ಸರಿದೆ.

ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದಿದ್ದ ಅಪ್ಪನ ಕೈ ಜಾರಿತು. ಏಳು ನಲವತ್ತಾರು. ನಾಡಿ ಇರಲಿಲ್ಲ. ಅಲ್ಲೇ ಮಂಡಿಯೂರಿ ಎದೆ ಒತ್ತತೊಡಗಿದೆ. ಅಂಕಲ್ ಗಲ್ಲಿಯ ತುದಿಗೆ ಓಡಿದರು. ಆಂಬುಲೆನ್ಸಿನವರು ಯಂತ್ರ ಹೊತ್ತು ಮೆಟ್ಟಿಲು ಹತ್ತುವವರೆಗೂ ಒತ್ತುತ್ತಲೇ ಇದ್ದೆ. ಎರಡನೆಯ ಶಾಕಿಗೆ ಅಪ್ಪನ ಹೃದಯ ಮರಳಿತು.

ಸ್ಟೆಂಟ್ ಹಾಕಿ ಮನೆಗೆ ಕಳಿಸಿದ ಮೇಲೆ ನೆಂಟರು ಬಂದರು. ಕಾರಿನಲ್ಲಿ ಹೋಗಿದ್ದರೆ ಏಳೂವರೆಗೆ ಆಸ್ಪತ್ರೆಯಲ್ಲಿರುತ್ತಿದ್ದರು ಎಂದರು. ಸರಿ. ಆದರೆ ಅದು ಎಲ್ಲ ಮುಗಿದ ಮೇಲೆ ಸೋಫಾದಲ್ಲಿ ಕೂತು ಹೇಳಿದ ಮಾತು. ಅಪ್ಪನ ಹೃದಯ ಮೂವತ್ತಾರು ನಿಮಿಷ ಕಾಯುತ್ತದೆಂದು ಏಳೂ ಕಾಲಿಗೆ ಯಾರಿಗೆ ಗೊತ್ತಿತ್ತು? ಕಾರು ಬೇಡವೆಂದದ್ದಕ್ಕೆ ನಾನು ತಲೆ ತಗ್ಗಿಸಲಾರೆ. ತಗ್ಗಿಸುವುದಾದರೆ ಬಾಗಿಲಿನಿಂದ ಸರಿದದ್ದಕ್ಕೆ. ಹಂದಿಯ ಅರ್ಧ ಗಂಟೆ ಮನುಷ್ಯನದಲ್ಲ ಎಂದು ನಾನು ಓದಿದ್ದೆ. ಓದಿದ್ದನ್ನು ಒಂದು ಟೀ ಅಭ್ಯಾಸ ಅಳಿಸಿಹಾಕಿತ್ತು.

"ಹಂದಿ ಕೊಂದ ಪಾಪ ಮನೆಗೆ ಸುತ್ಕೊಂಡಿದೆ ಅಕ್ಕ, ಇವಳ ಕೆಲಸ ಬಿಡ್ಸು," ಎಂದಳು ಚಿಕ್ಕಮ್ಮ.

"ಬಿಡಲ್ಲ ಚಿಕ್ಕಮ್ಮ."

ಪಾಪವಿಲ್ಲ ಎಂದು ನಾನು ವಾದಿಸಲಿಲ್ಲ. ಪ್ರಯೋಗ ಮುಗಿದ ಮೇಲೆ ಆ ಹಂದಿಗಳು ಅರಿವಳಿಕೆಯಿಂದ ಏಳುವುದಿಲ್ಲ. ಏಳದಂತೆ ಮಾಡುವವರು ನಾವೇ. ಆ ಭಾರ ಹೊತ್ತೇ ಇದ್ದೇನೆ. ಆದರೆ ಮೆಟ್ಟಿಲ ಮೇಲೆ ನನ್ನ ಕೈಗೆ ದಾರಿ ಗೊತ್ತಿದ್ದದ್ದು ಅವುಗಳಿಂದ. ಅದನ್ನು ಪಡೆದುಕೊಂಡು, ಈಗ ಕೈ ತೊಳೆದುಕೊಂಡು ಸಾಚಾ ಆಗಲು ನನಗೆ ಬರುವುದಿಲ್ಲ.

ಆದರೂ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಕಂಬಿಯಿಂದ ಜಾರುವ ಕೈ. ಎದ್ದು ಹೋಗಿ ಅಪ್ಪನ ಹೊದಿಕೆ ಏರಿಳಿಯುವುದನ್ನು ನೋಡಿ ಬರುತ್ತಿದ್ದೆ. ಎಚ್ಚರವಿದ್ದರೆ ಅವರು, "ಇನ್ನೂ ಇದೀನಿ, ಹೋಗು," ಅನ್ನುತ್ತಿದ್ದರು.

ಮೂರನೆಯ ವಾರ ಕೆಲಸಕ್ಕೆ ಮರಳಿದೆ. ಬಲೂನು ಉಬ್ಬಿ ಅರ್ಧ ಗಂಟೆಯಾದಾಗ ಟೆಕ್ನಿಷಿಯನ್ ಎಂದಿನಂತೆ "ದಾಟ್ತು" ಎಂದರು. ನಾನು ಗುಂಡಿಯ ಮೇಲಿಂದ ಕೈ ತೆಗೆಯಲಿಲ್ಲ.

"ಟೀ ಆರೋಗತ್ತಮ್ಮ."

"ಆರ್ಲಿ ಸಾರ್. ಅದು ದಾಟಿಲ್ಲ."

"ಮೂವತ್ತಾಯ್ತಲ್ಲ?"

"ನಮ್ಮಪ್ಪನಿಗೂ ಆಗಿತ್ತು."

ಆ ದಿನ ಹಂದಿಯ ಬಡಿತ ಕೊನೆಯವರೆಗೂ ಕೆಡಲಿಲ್ಲ. ನನ್ನ ಮಣಿಕಟ್ಟು ಮಾತ್ರ ಮರಗಟ್ಟಿತ್ತು. ಮರುದಿನ ಇನ್ನೊಂದು ಹಂದಿ. ಟೆಕ್ನಿಷಿಯನ್ "ಮೂವತ್ತು" ಎಂದು ಒಂದು ಕ್ಷಣ ನನ್ನ ಕಡೆ ನೋಡಿದರು. ಯಾರೂ ಕದಲಲಿಲ್ಲ. ಅರವತ್ತು ಸೆಕೆಂಡು ಕಳೆದ ಮೇಲೆ ಕೂಗಿದರು: "ಮೂವತ್ತೊಂದು."

ಆ ರಾತ್ರಿ ನಾನು ಒಮ್ಮೆಯೂ ಏಳಲಿಲ್ಲ. ಬೆಳಕಾದ ಮೇಲೆ ಅಪ್ಪನೇ ಬಂದು ಕಾಲು ತಟ್ಟಿದರು.

"ಏಳೇ, ಏಳೂವರೆ ಆಯ್ತು. ನನ್ನ ನೋಡೋಕೆ ಯಾಕೆ ಬರ್ಲಿಲ್ಲ?"