ಡ್ಯಾಶ್‌ಬೋರ್ಡ್ ಕೆಳಗಿನ ಗುಟ್ಟಿನ ಸ್ವಿಚ್ಚು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೊನ್ನಾಳಿಯಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುತ್ತಿದ್ದೆ. ಕಳ್ಳರ ಭಯಕ್ಕೆ ಕಾರಿನವರು ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಗುಟ್ಟಿನ ಸ್ವಿಚ್ಚು ಹಾಕಿಸಿಕೊಳ್ಳುತ್ತಿದ್ದರು. ಅದನ್ನು ಆರಿಸಿಟ್ಟರೆ ಕೀಲಿ ತಿರುಗಿಸಿದರೂ ಎಂಜಿನ್ ಹತ್ತುತ್ತಿರಲಿಲ್ಲ; ಓಡುವಾಗ ಆರಿಸಿದರೆ ನಿಂತೇಬಿಡುತ್ತಿತ್ತು.

ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರ ಕಾರಿಗೂ ನಾನೇ ಹಾಕಿಕೊಟ್ಟಿದ್ದೆ. ಒಂದು ಬೆಳಿಗ್ಗೆ ಅವರು ಡ್ರೈವರ್ ಸಮೇತ ಬಂದಿಳಿದರು. ಮುಖ ಕೆಂಪಗಾಗಿತ್ತು.

"ಗಾಡಿ ಎಲ್ಲಿ ಬೇಕಲ್ಲಿ ನಿಂತ್ಕಂತೈತೆ. ಹೋದ ವಾರ ಸವಳಂಗದಾಗೇ ನಿಂತ್ಕಂಡ್ತು. ಇವನ ಅಕ್ಕನ ಮನೆ ಇರೋದೂ ಅಲ್ಲೇ! ಆ ಸ್ವಿಚ್ಚು ನಂಗೂ ಇವ್ನಿಗೂ ಬಿಟ್ರೆ ಯಾರಿಗ್ರೀ ಗೊತ್ತು? ಇವನೇ ಆರಿಸ್ತಾನೆ. ನೀವು ನೋಡಿ ಹೌದು ಅಂದ್ರೆ ಇವತ್ತೇ ಕೆಲಸ ಬಿಡಿಸ್ತೀನಿ."

"ನಾನ್ಯಾಕ್ ಆರಿಸ್ಲಿ ಯಜಮಾನ್ರೇ? ಅವತ್ತು ಅಕ್ಕನ ಮನೇಲಿ ಎರಡು ತಟ್ಟೆ ಮಂಡಕ್ಕಿ ತಿಂದೋರು ನೀವೇ ಅಲ್ವೇನ್ರಿ?" ಎಂದ ಡ್ರೈವರ್. ವರ್ಷಗಟ್ಟಲೆ ಅವರ ಗಾಡಿಯನ್ನೇ ನಂಬಿ ಬದುಕಿದವನು.

ನನ್ನ ಅಂಗಡಿಯ ಮುಂದೆ ಎಂಜಿನ್ ಒಂದು ತಕರಾರೂ ಇಲ್ಲದೆ ಓಡಿತು. ಸರಿ, ದಾರಿಯಲ್ಲೇ ಹಿಡಿಯೋಣವೆಂದು ವೈರಿನಲ್ಲಿ ಕರೆಂಟು ಇದೆಯೋ ಇಲ್ಲವೋ ತೋರಿಸುವ ಟೆಸ್ಟ್ ಲ್ಯಾಂಪ್ ಹಿಡಿದು ಹಿಂದಿನ ಸೀಟಿನಲ್ಲಿ ಕೂತೆ. ನ್ಯಾಮತಿ ರಸ್ತೆಗೆ ಬಿದ್ದೆವು. ಮುಂದೆ ಕೂತಿದ್ದ ಯಜಮಾನರು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು, ಬೆರಳಲ್ಲಿ ಉಳಿದ ಸುಣ್ಣವನ್ನು ಡ್ಯಾಶ್‌ಬೋರ್ಡಿನ ಅಡಿಗೆ ಒರೆಸಿದರು. ಆ ಕಡೆ ನೋಡಲೂ ಇಲ್ಲ, ಅಷ್ಟು ರೂಢಿ. ರಸ್ತೆಯ ಒಂದು ಗುಂಡಿಗೆ ಕಾರು ಕುಲುಕಿತು, ಎಂಜಿನ್ ನಿಂತೇಹೋಯಿತು. ಡ್ರೈವರನ ಎರಡೂ ಕೈ ಸ್ಟೇರಿಂಗ್ ಮೇಲೇ ಇದ್ದವು.

ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದೆ. ಗುಟ್ಟಿನ ಸ್ವಿಚ್ಚಿಗೆ ಬರುವ ವೈರಿನಲ್ಲಿ ದೀಪ ಹತ್ತಿತು, ಅಲ್ಲಿಂದ ಹೊರಡುವ ವೈರಿನಲ್ಲಿ ಹತ್ತಲಿಲ್ಲ. ಸ್ವಿಚ್ಚನ್ನು ಯಾರೂ ಆರಿಸಿರಲಿಲ್ಲ. ಬಿಚ್ಚಿದರೆ ಒಳಗೆಲ್ಲ ಒಣಗಿ ಹೆಪ್ಪುಗಟ್ಟಿದ ಸುಣ್ಣ! ತಾಮ್ರ ಹಸಿರುಗಟ್ಟಿತ್ತು. ಗಾಡಿ ಕುಲುಕಿದರೆ ಸಾಕು, ಕರೆಂಟು ಕಡಿಯುತ್ತಿತ್ತು.

ಇದನ್ನು ಹೇಳುವುದು ಹೇಗೆ? ದೊಡ್ಡವರ ತಪ್ಪನ್ನು ಅವರ ತಲೆಗೆ ಕಟ್ಟದೆ ಹೇಳುವ ಬಗೆಯನ್ನು ನಮ್ಮಜ್ಜಿಯ ಮಾತು ಕೇಳಿ ಕಲಿತಿದ್ದೆ.

"ಯಜಮಾನ್ರೇ, ನಿಮ್ ಸ್ವಿಚ್ಚಿಗೂ ಎಲೆ ಅಡಿಕೆ ಚಟ ಹತ್ತೈತ್ರಿ."

ಅವರು ಸ್ವಿಚ್ಚನ್ನು ನೋಡಿದರು, ಆಮೇಲೆ ತಮ್ಮ ಬೆರಳನ್ನು. ಡ್ರೈವರ್ ಹೊಲದ ಕಡೆ ಮುಖ ತಿರುಗಿಸಿ ನಿಂತಿದ್ದ. ಹೆಗಲು ಮಾತ್ರ ಕುಣಿಯುತ್ತಿತ್ತು.

"ನಗ್ತೀಯೇನೋ?" ಎಂದರು ಯಜಮಾನರು. ಆಮೇಲೆ ಬೆರಳು ಒರೆಸಿಕೊಳ್ಳಲು ಜೇಬು ತಡಕಿ, "ನಾಳೆ ಜಗಳೂರಿಗೆ ಹೋಗದೈತೆ. ಆರಕ್ಕೆಲ್ಲ ಗಾಡಿ ತಂದು ನಿಲ್ಸು. ಹಂಗೇ ಒಂದು ಹಳೇ ಬಟ್ಟೆ ಇದ್ರೆ ತಗಂಬಾ, ಬೆರಳು ಒರೆಸಾಕೆ."