ಸೆಟ್ಟೂರಿನಲ್ಲಿ ಓದಿದ ಎರಡನೆಯ ಲೆಕ್ಕ

ಹಿಂದೂಪುರದ ಬಸ್ ನಿಲ್ದಾಣದ ಎದುರು ಇಡ್ಲಿ, ಕಡಲೇಬೀಜದ ಚಟ್ನಿ ತಿಂದು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಆಂಧ್ರದ ಹೆಂಗಸರಿಗೆ ಪ್ರಯಾಣ ಉಚಿತ. ನನ್ನ ಆಧಾರ್ ಕರ್ನಾಟಕದ್ದು. "ನಿಮ್ಗೆ ಕುದರದು ಮೇಡಂ, ಟಿಕೆಟ್ ತಗೋಳಿ," ಎಂದ ಕಂಡಕ್ಟರ್. ಪಕ್ಕದವಳು ಕಿಸಕ್ಕನೆ ನಕ್ಕಳು, ನಾನೂ ನಕ್ಕು ದುಡ್ಡು ಕೊಟ್ಟೆ.

ನನ್ನ ಕೆಲಸ ಏನೆಂದು ಹೇಳಿದರೆ ಮನೆಯವರೇ ಆಕಳಿಸುತ್ತಾರೆ. ಸರ್ಕಾರ ಒಂದು ಕೃಷಿ ಯೋಜನೆ ತಂದರೆ ಹಳ್ಳಿಯಲ್ಲಿ ಯಾರ ಗಳಿಕೆ ಏರುತ್ತದೆ, ಯಾರದು ಇಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಕಟ್ಟಿ ನೋಡುತ್ತೇನೆ. ಈ ಸಲದ ಯೋಜನೆ, ಕಡಲೆಕಾಯಿ ಹೊಲವನ್ನು ಹಣ್ಣಿನ ತೋಟ ಮಾಡಿ ತಂತಿ ಬೇಲಿ ಹಾಕುವವರಿಗೆ ಸಹಾಯಧನ. ಊರಿನ ಗಳಿಕೆ ಏರುತ್ತದೆ ಎಂದಿತು ನಮ್ಮ ಲೆಕ್ಕ. ಏರದೆ ಏನು? ಅದರಲ್ಲಿ ಹೊಲವಿದ್ದವರು ಮಾತ್ರ ಇದ್ದರು. ಕೊಯ್ಲಾದ ಹೊಲದಲ್ಲಿ ಕುರಿ ಮೇಯಿಸಿ, ರಾತ್ರಿ ಅಲ್ಲೇ ಮಂದೆ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಕಾಸು ಪಡೆಯುವವರು ಇರಲೇ ಇಲ್ಲ. ಅವರನ್ನೂ ಸೇರಿಸಿ ಎರಡನೆಯ ಲೆಕ್ಕ ಕಟ್ಟಿದೆ. ಬೇಲಿ ಎದ್ದರೆ ಅವರ ಗಳಿಕೆ ಪಾತಾಳಕ್ಕಿಳಿಯುತ್ತಿತ್ತು. "ಅದೆಲ್ಲ ಬೇಡ, ಮೊದಲನೆಯದಕ್ಕೆ ಸೆಟ್ಟೂರಿನವರ ಒಪ್ಪಿಗೆ ತನ್ನಿ," ಎಂದರು ನಮ್ಮ ಮೇಲಧಿಕಾರಿ. ನನಗೆ ಮೈಯೆಲ್ಲ ಉರಿದುಹೋಯಿತು.

ಮಡಕಶಿರಾ, ಪಾವಗಡ ಹಾದು, ಅಂದರೆ ಕರ್ನಾಟಕಕ್ಕೆ ಹೊಕ್ಕು ಮತ್ತೆ ಹೊರಬಿದ್ದು, ಮಧ್ಯಾಹ್ನಕ್ಕೆ ಕಲ್ಯಾಣದುರ್ಗ ಮುಟ್ಟಿದೆ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ಮುದ್ದೆ, ಹುರುಳಿ ಸಾರು ಉಂಡು ಶೇರ್ ಆಟೋದಲ್ಲಿ ಸೆಟ್ಟೂರಿಗೆ ಹೋದೆ.

ಸಭೆ ಶಾಲೆಯ ಜಗಲಿಯಲ್ಲಿ ಸೇರಿತು. ಗಡಿಯ ಊರಾದ್ದರಿಂದ ಅಲ್ಲಿ ತೆಲುಗು ಬೆರೆತ ಕನ್ನಡವೇ ಮಾತು. ನಾನು ಎರಡೂ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದಿದೆ. ದಾಳಿಂಬೆ ಹಾಕಲು ಕಾಯುತ್ತಿದ್ದ ರೈತ ನರಸಿಂಹಪ್ಪನಿಗೆ ಸಿಟ್ಟು ಬಂತು.

"ಬೇಲಿ ಇಲ್ದಿದ್ರೆ ಕುರಿ ಗಿಡ ಉಳುಸ್ತಾವಾ ಮೇಡಂ? ಬರೋ ಸಹಾಯಧನಕ್ಕೆ ಕಲ್ಲಾಕ್ಬ್ಯಾಡಿ."

ಹಿಂದೆ ಕಂಬಕ್ಕೊರಗಿ ನಿಂತಿದ್ದ ಹನುಮಕ್ಕ ಮುಂದೆ ಬಂದಳು. ಅವಳ ಮನೆಯ ಒಲೆ ಉರಿಯುವುದು ಮಂದೆಯಿಂದಲೇ.

"ತೋಟ ಬ್ಯಾಡ ಅಂತ ಯಾರಂದ್ರಣ್ಣ? ಹಾಕ್ಕೋ. ಹೋದ್ವರ್ಸ ಹೊಲ್ದಾಗೆ ಮಂದೆ ನಿಲ್ಸು ಬಾ ಅಂತ ನಮ್ಮನೆಗಂಟ ಬಂದಿದ್ದೆ ಕದಾ? ಈಗ ಬ್ಯಾಡ ಅಂದ್ರೆ ಸರೇ. ಮೇವಿಗೆ ಒಂದು ಜಾಗ ಬುಡ್ಸಿ, ಅದ್ನೂ ಯೋಜ್ನೇಲೇ ಸೇರುಸ್ಲಿ. ನಾವೂ ಈ ಊರೋರೇ ಕಣಣ್ಣ. ನಮ್ನ ಬುಟ್ಟು ಊರು ಉದ್ಧಾರ ಆಯ್ತು ಅಂದ್ರೆ ನಾನಂತೂ ಒಪ್ಪಾಕಿಲ್ಲ."

ಊರಿನ ಉಳಿದ ಕುರಿಯವರೂ ಅವಳ ಪಕ್ಕ ಬಂದು ನಿಂತರು. ನರಸಿಂಹಪ್ಪ ಗೊಣಗಿದ, ಆದರೆ ಅವಳ ಮಾತನ್ನು ಅಲ್ಲಗಳೆಯಲಿಲ್ಲ. ಒಪ್ಪಿಗೆ ಸಿಗಲಿಲ್ಲ. ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ.

ಮರುದಿನ ಹಿಂದೂಪುರಕ್ಕೆ ಮರಳುವಾಗ ಬಸ್ಸಿನಲ್ಲೇ ಮೇಲಧಿಕಾರಿಯ ಫೋನ್ ಬಂತು.

"ಆ ಎರಡನೆಯ ಲೆಕ್ಕ ವರದಿಯಲ್ಲಿ ಇರಬೇಕೆಂದರೆ ನಿಮ್ಮ ಹೆಸರು ಅದರಲ್ಲಿ ಇರುವುದಿಲ್ಲ."

"ನನ್ನ ಹೆಸರು ತೆಗೀರಿ ಸಾರ್. ಕುರಿಯವರು ಇರಲಿ."

"ಎರಡನ್ನೂ ತೆಗೆದರೆ ಏನು ಮಾಡ್ತೀರಿ?"

"ನಾನೇನೂ ಮಾಡೋದು ಬೇಕಿಲ್ಲ ಸಾರ್. ಊರವರೆಲ್ಲ ಕೇಳಿಸಿಕೊಂಡಿದ್ದಾರೆ. ನಿಮ್ಮ ನಂಬರನ್ನ ಹನುಮಕ್ಕನಿಗೆ ಕೊಟ್ಟು ಬಂದಿದ್ದೀನಿ."