ದಿಬ್ಬದ ಮೇಲಿನ ಕುಳಿಗಲ್ಲು

ಖಟಕ ಚಿಂಚೋಳಿಯ ಹೊರಗಿನ ದಿಬ್ಬದ ಮೇಲೆ ಒಂದು ಕಾಲಕ್ಕೆ ಕೋಟೆಯಿತ್ತೆಂದು ಗೋರಖನಾಥ ಮಾಸ್ತರರು ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದಿದ್ದಾರೆ. ನಾವು ನಗುತ್ತ ಬಂದಿದ್ದೇವೆ. ಗೋಡೆಯಿಲ್ಲ, ಬುರುಜಿಲ್ಲ. ಇಳಿಜಾರಿನಲ್ಲಿ ಕೆತ್ತಿದ ಕಲ್ಲುಗಳ ಒಂದು ಸಾಲು, ಅದರ ತುದಿಯ ಕಲ್ಲಿನಲ್ಲಿ ಬೋಗುಣಿಯಷ್ಟು ಕುಳಿ. ಹೆಬ್ಬಾಗಿಲಿನ ಕದ ತಿರುಗುತ್ತಿದ್ದ ಕುಳಿಯೇ ಅದು ಎಂಬುದು ಅವರ ವಾದ. ಭಾಲ್ಕಿಯ ಕಚೇರಿ, ಬೀದರಿನ ಹಳೆಯ ದಫ್ತರ, ಪಾಟೀಲರ ವಾಡೆ, ಎಲ್ಲ ಕಡೆ ಕೇಳಿ ಬಂದವರು.

ಸೋಮವಾರದಿಂದ ರಸ್ತೆಗೆ ದಿಬ್ಬದ ಮಣ್ಣು ಎತ್ತುವುದೆಂದು ನಿಕ್ಕಿಯಾಯಿತು. ಶನಿವಾರವೇ ಜೆಸಿಬಿ ಬಂದು ನಿಂತಿತು. ಅದೇ ದಿನ ಬೀದರಿನಿಂದ ಪುರಾತತ್ವ ಇಲಾಖೆಯ ಅಂಬರೀನ ಎಂಬ ಅಧಿಕಾರಿ ಪರಿಶೀಲನೆಗೆ ಬಂದರು. ಕೋಟೆಯ ಕುರುಹು ಇದೆ ಎಂದು ಅವರು ಬರೆದರೆ ದಿಬ್ಬ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಅವರು ಕುಳಿಯನ್ನು ಅಳೆದು, ಸಾಕು ಎನ್ನುವಂತೆ ತಲೆಯಾಡಿಸಿ ಕಾಗದ ತೆಗೆದರು.

ಚಹಾ ತಂದಿದ್ದ ಮಾಸ್ತರರ ತಾಯಿ ಭಾಗೀರಥಿಬಾಯಿ ಮನೆಗೆ ನಳದ ನೀರು ಬಂದ ಮೇಲೆ ದಿಬ್ಬ ಹತ್ತಿದವರೇ ಅಲ್ಲ. ಕಲ್ಲು ನೋಡಿ ಮಗನ ಕಿವಿಯಲ್ಲಿ ಹೇಳಿದರು: "ಈ ಸಾಲ ನಿಮ್ಮ ಮುತ್ಯಾ, ನಮ್ಮ ಮಾವ ಹಾಕಿದ್ದಪಾ. ಊರ ಬಾವಿ ನಮಗ ಮುಟ್ಟಗೊಡ್ತಿರಲಿಲ್ಲ. ಹಳ್ಳದ ನೀರ ತರೂ ಹೆಣ್ಮಕ್ಕಳು ಜಾರಬಾರದಂತ ಹಾಕ್ಯಾರ."

ಅಂಬರೀನರ ಪೆನ್ನು ಆಗಲೇ ಓಡುತ್ತಿತ್ತು. ಮಾಸ್ತರರು ಸುಮ್ಮನಿದ್ದರೆ ದಿಬ್ಬವೂ ಉಳಿಯುತ್ತದೆ, ಅವರ ಮಾತೂ ಉಳಿಯುತ್ತದೆ. ಆದರೆ ಕಾಪಿ ಹೊಡೆದ ಮಕ್ಕಳ ಕಿವಿಯನ್ನು ಮೂವತ್ತು ವರ್ಷ ಹಿಂಡಿದ ಮನುಷ್ಯ ಅವರು.

"ಬರೀಬ್ಯಾಡ್ರಿ ಮೇಡಂ. ಮೊದಲ ನಮ್ಮವ್ವನ ಮಾತ ಕೇಳ್ರಿ."

ಅಂಬರೀನ ಎಲ್ಲ ಕೇಳಿಕೊಂಡು, ಹಾಗಾದರೆ ಕುಳಿ ಕೆತ್ತಿದವರು ಯಾರು ಎಂದು ಮುದುಕಿಯನ್ನು ಕೇಳಿದರು.

"ಯಾರೂ ಕೆತ್ತಿಲ್ರಿ. ಮ್ಯಾಲಿಂದ ತಂದಾಗೇ ಇತ್ತು. ಕೊಡ ಛಂದ ಕೂಡ್ತದಂತ ಮಾವ ಇಲ್ಲಿಟ್ರು."

ದಿಬ್ಬದ ಮೇಲೆ ಯಾವ ಜಾಗದಿಂದ ತಂದರು ಎಂದು ಅಂಬರೀನ ಕೇಳಿದರು. ಮುದುಕಿ ತಲೆಯೆತ್ತಿ ದಿಬ್ಬದ ತುದಿ ನೋಡಿದರು.

"ನಾ ಹೊಸಾ ಸೊಸಿ ಇದ್ದೆರಿ. ಮಾವನ ಮುಂದ ಸೆರಗ ಸರಿಸಿ ತಲಿ ಎತ್ತೂ ಹಂಗಿರಲಿಲ್ಲ."

ಕೋಟೆ ಖಾತ್ರಿಯಿಲ್ಲ, ಅಗೆದು ನೋಡುವ ತನಕ ಮಣ್ಣು ಎತ್ತಬಾರದು ಎಂದು ಅಂಬರೀನ ಬರೆದರು. ಮರುದಿನ ಜೆಸಿಬಿ ವಾಪಸು ಹೋಯಿತು.

ದಿಬ್ಬ ಸದ್ಯಕ್ಕೆ ಉಳಿಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಮಾಸ್ತರರು ತಾಯಿಯ ಮುಂದೆ ಹೋಗಿ ಕೂತರು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಕೇಳಿದರು.

"ನೀ ಪಾಟೀಲರಿಗಿ ಕೇಳ್ದಿ, ಬೀದರದವರಿಗಿ ಕೇಳ್ದಿ. ನನಗ ಯಾವಾಗ ಕೇಳ್ದಿ?"